ಸೋಲದೇವನಹಳ್ಳಿಯ ಪಂಪ್‌ಹೌಸು

ಮಲ್ಲೇಶ್ವರದ ನಮ್ಮಜ್ಜಿ ನಲ್ಲಿ ನೀರಿಗೆ ಕೊನೇವರೆಗೂ "ಹೆಸರಘಟ್ಟದ ನೀರು" ಅಂತಲೇ ಅನ್ನುತ್ತಿದ್ದರು. ಮನೆಗೆ ಕಾವೇರಿ ಬಂದು ಎಷ್ಟೋ ವರ್ಷ ಆಗಿತ್ತು, ಆದರೂ ಅವರ ಬಾಯಲ್ಲಿ ಅದು ಬದಲಾಗಲಿಲ್ಲ. ಮೊನ್ನೆ ಭಾನುವಾರ ಬೈಕು ಹತ್ತಿ ಆ ನೀರು ಬಂದ ದಾರಿಯನ್ನೇ ಹಿಂದಕ್ಕೆ ಹಿಡಿದು ಹೊರಟೆ.

ಬೆಂಗಳೂರು ಯಾವ ನದಿಯ ದಡದಲ್ಲೂ ಇಲ್ಲ, ದಿಣ್ಣೆಯ ಮೇಲೆ ಕೂತ ಊರು. ಕುಡಿಯೋಕೆ ಬಾವಿ, ಕಲ್ಯಾಣಿ, ಧರ್ಮಾಂಬುಧಿ, ಸಂಪಂಗಿಯಂಥ ಕೆರೆಗಳು. (ಧರ್ಮಾಂಬುಧಿ ಎಲ್ಲಿ ಅಂತ ಹುಡುಕಬೇಡಿ, ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವಾಗ ನೀವು ಅದರೊಳಗೇ ನಿಂತಿರುತ್ತೀರಿ.) 1876-78ರ ಬರದಲ್ಲಿ ಇವೆಲ್ಲ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ ಅನ್ನೋದು ಗೊತ್ತಾಗಿ ಹೋಯಿತು. 1882ರಲ್ಲಿ ಸ್ಯಾಂಕಿ ಕೆರೆ ಆಯಿತು, ಅದೂ ಸಾಲಲಿಲ್ಲ. ಕೊನೆಗೆ ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಹಾಕುವ ಕೆಲಸ ಶುರುವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡ ಚಾಮರಾಜೇಂದ್ರ ಒಡೆಯರ ಹೆಸರನ್ನೇ ಯೋಜನೆಗೆ ಇಟ್ಟರು. ನೀರು ಊರು ಮುಟ್ಟಿದ್ದು 1896ರಲ್ಲಿ.

ನನಗೆ ಬಹಳ ಇಷ್ಟವಾಗಿದ್ದು ನೀರು ಬಂದ ಬಗೆ. ಕೆರೆಯಿಂದ ಇಟ್ಟಿಗೆ ಕಾಲುವೆಯಲ್ಲಿ, ತರಬನಹಳ್ಳಿ ಮೇಲೆ ಹಾದು ಸೋಲದೇವನಹಳ್ಳಿಯ ತನಕ ನೀರು ತಾನೇ ಇಳಿಜಾರಿನಲ್ಲಿ ಹರಿದು ಬರುತ್ತಿತ್ತು. ಯಂತ್ರ ಇಲ್ಲ, ಖರ್ಚಿಲ್ಲ. ಅಲ್ಲಿಂದ ಮುಂದೆ ಏರು. ಬೆಂಗಳೂರಿಗೆ ಶಿವನಸಮುದ್ರದ ಕರೆಂಟು ಬಂದದ್ದು 1905ರಲ್ಲಿ ತಾನೇ? ಹಾಗಾಗಿ 1896ರಲ್ಲಿ ಇದ್ದ ದಾರಿ ಒಂದೇ, ಉಗಿ. ಒಂದು ಸಣ್ಣ ಹಳ್ಳಿಯಲ್ಲಿ ಬಾಯ್ಲರು ಉರಿಸಿ, ನೀರನ್ನು ಕೊಳವೆಯಲ್ಲಿ ಮಲ್ಲೇಶ್ವರದ ದಿಬ್ಬಕ್ಕೆ ತಳ್ಳುತ್ತಿದ್ದರು. ಅಲ್ಲಿಂದ ಮತ್ತೆ ಇಳಿಜಾರು, ಮನೆಮನೆಗೆ ನಲ್ಲಿ. ಉಗಿಯಂತ್ರದ ಜಾಗಕ್ಕೆ ಕರೆಂಟಿನ ಪಂಪು ಬಂದದ್ದು ಆಮೇಲೆ.

ಮಲ್ಲೇಶ್ವರದಲ್ಲಿ ಸೋಸುವ ಜಾಗಕ್ಕೆ ಜ್ಯುವೆಲ್ ಫಿಲ್ಟರ್ಸ್ ಅನ್ನುತ್ತಾರೆ. ಚಿಕ್ಕವನಿದ್ದಾಗ ಒಳಗೆ ಒಡವೆ ಇದೆ ಅಂತಲೇ ನಂಬಿದ್ದೆ! ಜ್ಯುವೆಲ್ ಅನ್ನೋದು ಅಮೆರಿಕದ ಫಿಲ್ಟರಿನ ಹೆಸರು. ನೀರಿಗೆ ಪಟಿಕ ಹಾಕಿ ಕೆಸರನ್ನು ಗಂಟುಕಟ್ಟಿಸಿ, ಮರಳಿನ ಹಾಸಿನಲ್ಲಿ ಬೇಗ ಇಳಿಸುವ ಪದ್ಧತಿ.

ಮೂವತ್ತು ವರ್ಷ ಆಗುವ ಹೊತ್ತಿಗೆ, 1920ರ ದಶಕದ ನಡುವೆ, ಮಳೆ ಕೈಕೊಟ್ಟು ಹೆಸರಘಟ್ಟ ಒಣಗಿತು. ವಿಶ್ವೇಶ್ವರಯ್ಯನವರ ಸಮಿತಿ ಅದೇ ಹೊಳೆಯ ಕೆಳಗಡೆ, ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯನ್ನು ತೋರಿಸಿತು. 1933ರಲ್ಲಿ ಅಲ್ಲಿನ ಜಲಾಶಯ ಆಯಿತು. 1974ರಲ್ಲಿ ಕಾವೇರಿ. ಆಮೇಲೆ ಹೆಸರಘಟ್ಟವನ್ನು ಕೇಳುವವರು ಕಡಿಮೆಯಾದರು. ಇಳಿಜಾರನ್ನು ಹುಡುಕಿ ಕಾಲುವೆ ತೋಡಿದ ಊರೇ ಈಗ ಸುಮಾರು ನೂರು ಕಿಲೋಮೀಟರು ದೂರದಿಂದ, ಹತ್ತಿರಹತ್ತಿರ ಐನೂರು ಮೀಟರು ಮೇಲಕ್ಕೆ ನೀರೆತ್ತುತ್ತಿದೆ. ಆ ಕರೆಂಟು ಬಿಲ್ಲು ನೆನೆದರೆ ಶೇಷಾದ್ರಿ ಅಯ್ಯರರಿಗೆ ನಿದ್ದೆ ಬರುತ್ತಿರಲಿಲ್ಲ ಅನ್ನಿಸುತ್ತೆ.

ಪಂಪ್‌ಹೌಸನ್ನು ನಾನು ನೋಡಿದ್ದು ಗೇಟಿನ ಹೊರಗಿಂದಲೇ. ಎದುರಿಗೆ ಟೀ ಕುಡಿಯುತ್ತಿದ್ದ ಯಜಮಾನರೊಬ್ಬರು, "ಬೆಂಗಳೂರಾ ಸ್ವಾಮಿ?" ಅಂದರು.

"ಹೌದು, ಮಲ್ಲೇಶ್ವರ."

"ನಿಮ್ಮೂರಿಗೆ ಮೊದಲು ನೀರು ಕಳಿಸಿದ್ದು ಇಲ್ಲಿಂದಲೇ. ಈಗ ಬೇಸಿಗೇಲಿ ನಾವು ಟ್ಯಾಂಕರಿಗೆ ಫೋನ್ ಮಾಡ್ತೀವಿ ನೋಡಿ."

ಏನು ಹೇಳಬೇಕೋ ತಿಳಿಯಲಿಲ್ಲ. 2022ರ ಮಳೆಗೆ ಕೆರೆ ತುಂಬಿತ್ತಲ್ಲ ಅಂದೆ. ಅವರ ಮುಖ ಅರಳಿತು. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಕೋಡಿ ಬಿದ್ದದ್ದನ್ನು ತೋರಿಸಿದರಂತೆ. ಟೀ ದುಡ್ಡು ಕೊಡೋಕೆ ಹೋದರೆ ಬಿಡಲಿಲ್ಲ, ತಾವೇ ಕೊಟ್ಟರು.