ಕಾಸರಗೋಡಿನ ಗುಡ್ಡೆ, ಪದವು, ಹೊಳೆಬದಿಯ ಸೈಕಲ್ ದಾರಿಗಳು

ಡಾಮರು ಕಾಣದ ಜಲ್ಲಿ, ಮಣ್ಣು ರಸ್ತೆಗಳಲ್ಲಿ ದಿನವಿಡೀ ಸೈಕಲ್ ತುಳಿಯುವ ಹವ್ಯಾಸಕ್ಕೆ ಈಗ ‘ಗ್ರಾವೆಲ್ ಬೈಕಿಂಗ್’ ಎಂದು ಹೆಸರು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಪಟ್ಟಣದಲ್ಲಿ 2006ರಲ್ಲಿ ಆರಂಭವಾದ ಜಲ್ಲಿ ರಸ್ತೆಯ ಸ್ಪರ್ಧೆ ಇದಕ್ಕೆ ದೊಡ್ಡ ಪ್ರಚಾರ ತಂದಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ಪೂ ನಡೆಯಿತು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಗುಡ್ಡಗಾಡಿನಲ್ಲಿ ಇಂಥ ದಾರಿಗಳಿಗೆ ಬರವಿಲ್ಲ. ಆದರೆ ಮ್ಯಾಪ್ ನೋಡಿ ಹೊರಟವರು ಅರ್ಧದಲ್ಲೇ ಸುಸ್ತಾಗಿ ಜೀಪು ಹತ್ತುವುದೂ ಇದೆ. ಇಲ್ಲಿ ದೂರಕ್ಕಿಂತ ಮುಖ್ಯವಾದುದು ನೆಲ ಮತ್ತು ನೀರು. ಅದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ಮೊದಲಿಗೆ ಸೈಕಲ್ ವಿಚಾರ. ಗ್ರಾವೆಲ್ ಬೈಕಿನ ಟಯರ್ ಸಾಮಾನ್ಯವಾಗಿ 38ರಿಂದ 50 ಮಿ.ಮೀ. ಅಗಲ. ಹಾಲು, ಪೇಪರ್, ಅಡಿಕೆ ಮೂಟೆ ಹೊತ್ತ ನಮ್ಮ ಹಳೆಯ ಕಪ್ಪು ಸೈಕಲ್ಲಿನ ಟಯರ್ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಅಗಲದ ಮಟ್ಟಿಗೆ ಎರಡೂ ಒಂದೇ! ವ್ಯತ್ಯಾಸ ಇರುವುದು ಗೇರು ಮತ್ತು ಬ್ರೇಕಿನಲ್ಲಿ. ಹಳೆಯ ಸೈಕಲ್ಲಿನಲ್ಲಿ ಪೆಡಲ್ ಒಮ್ಮೆ ಸುತ್ತಿದರೆ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಬಯಲಿನಲ್ಲಿ ಇದು ಸುಖ, ಏರಿನಲ್ಲಿ ಶಿಕ್ಷೆ. ಗ್ರಾವೆಲ್ ಬೈಕಿನ ಅತಿ ಸಣ್ಣ ಗೇರಿನಲ್ಲಿ ಒಂದಕ್ಕೆ ಒಂದೇ ಸುತ್ತು. ಕಂಬಿ ಬ್ರೇಕಂತೂ ಒದ್ದೆ ರಿಮ್ಮಿನ ಮೇಲೆ ಬಹುತೇಕ ಹಿಡಿಯುವುದೇ ಇಲ್ಲ. ಆದುದರಿಂದ ಹಳೆಯ ಸೈಕಲ್ ಇರುವವರು ಪದವಿನ ಮೇಲೆ ಧಾರಾಳ ಓಡಾಡಬಹುದು, ಇಳಿಜಾರಿನಲ್ಲಿ ಮಾತ್ರ ಇಳಿದು ನಡೆಯಬೇಕು. ಗಾಳಿ ಕಲ್ಲಿನಂತೆ ಗಟ್ಟಿಯಾಗಿ ತುಂಬಿಸುವುದೂ ತಪ್ಪು. 40 ಮಿ.ಮೀ. ಟಯರಿಗೆ, 65-70 ಕಿಲೋ ತೂಕದವರಿಗೆ 30ರಿಂದ 40 ಪಿಎಸ್‌ಐ ಸಾಕು.

ಇನ್ನು ನೆಲ. ಇಲ್ಲಿನ ಹೊಳೆಗಳೆಲ್ಲ ಮೂಡಣದಿಂದ ಪಡುವಣಕ್ಕೆ ಹರಿಯುವಂಥವು. ಮಂಜೇಶ್ವರ ಹೊಳೆಯ ಮೂಲ ಬಾಳೆಪುಣಿ, ಉಪ್ಪಳ ಹೊಳೆಯದ್ದು ವೀರಕಂಬ ಗುಡ್ಡೆ. ಎರಡೂ ಕರ್ನಾಟಕದ ಬಂಟ್ವಾಳ ಕಡೆಯವು. ತೆಂಕಿಗೆ ಹೋದಂತೆ ಶಿರಿಯ, ಆ ಮೇಲೆ ಕೊಡಗಿನ ಬೆಟ್ಟಗಳಿಂದ ಇಳಿದು ಚಂದ್ರಗಿರಿ ಸೇರುವ ಪಯಸ್ವಿನಿ. ಈ ಹೊಳೆಗಳ ನಡುವೆ ಮುರಕಲ್ಲಿನ ಚಪ್ಪಟೆ ಪದವುಗಳು ಎದ್ದು ನಿಂತಿವೆ. ಆದುದರಿಂದ ಬಡಗಿನಿಂದ ತೆಂಕಿಗೆ ಸೈಕಲ್ ಬಿಟ್ಟರೆ ಪ್ರತಿ ತೋಡಿಗೂ ಒಂದು ಇಳಿತ, ಕೂಡಲೇ ಒಂದು ಏರು. ಗರಗಸದ ಹಲ್ಲಿನ ಮೇಲೆ ಹೋದ ಹಾಗೆ! ಅದೇ ಪದವಿನ ಬೆನ್ನು ಹಿಡಿದು ಮೂಡು-ಪಡು ಹೋದರೆ ಮೈಲುಗಟ್ಟಲೆ ಹೆಚ್ಚು ಏರಿಳಿತವಿಲ್ಲ. ಹೊಸಬರು ಈ ಒಂದು ವಿಷಯ ನೆನಪಿಟ್ಟರೆ ಅರ್ಧ ಕಷ್ಟ ತಪ್ಪಿತು.

ಮುರಕಲ್ಲನ್ನು ‘ಲ್ಯಾಟರೈಟ್’ ಎಂದು ಹೆಸರಿಟ್ಟು ಜಗತ್ತಿಗೆ ಪರಿಚಯಿಸಿದವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರಂನಲ್ಲಿ ಕಂಡದ್ದನ್ನು ಆತ 1807ರಲ್ಲಿ ಪ್ರಕಟಿಸಿದ. ನೆಲದೊಳಗೆ ಕೊಡಲಿಗೆ ಸಿಗುವಷ್ಟು ಮೆದು, ಗಾಳಿಗೆ ತೆರೆದರೆ ಗಟ್ಟಿ. ಸೈಕಲ್ ಸವಾರನಿಗೆ ಇದರಿಂದ ಲಾಭವೂ ಇದೆ, ಅಪಾಯವೂ ಇದೆ. ಗಟ್ಟಿ ಹಾಸಿನ ಮೇಲೆ ಚಕ್ರ ಹೂಳುವುದಿಲ್ಲ. ಆದರೆ ಬೇಸಗೆಯಲ್ಲಿ ಅದರ ಮೇಲೆ ಬಿದ್ದಿರುವ ಹರಳುಗಳು ಸೈಕಲ್ ಹಬ್ಬಿನ ಬಾಲ್ಸ್‌ನಂತೆ ಉರುಳುತ್ತವೆ. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಬೀಳುವುದು ಖಂಡಿತ.

ಹೊಸಬರಿಗೆ ಸೀತಾಂಗೋಳಿಯಿಂದ ಅನಂತಪುರದತ್ತ ಹಬ್ಬಿದ ಪದವು ಒಳ್ಳೆಯ ಪಾಠಶಾಲೆ. ಸರೋವರದ ನಡುವಿನ ಅನಂತಪುರ ದೇವಸ್ಥಾನ ಇರುವುದೂ ಇಂಥ ಮುರಕಲ್ಲಿನ ನೆಲದಲ್ಲೇ. ಸ್ವಲ್ಪ ಅಭ್ಯಾಸವಾದವರು ವರ್ಕಾಡಿಯ ನಂದಾರಪದವಿನಿಂದ ಹೊರಡಬಹುದು. ಕೇರಳದ ಮಲೆನಾಡು ಹೆದ್ದಾರಿ ಆರಂಭವಾಗುವುದು ಇಲ್ಲಿಂದಲೇ. ಚೇವಾರಿನವರೆಗೆ ಸುಮಾರು 23 ಕಿ.ಮೀ. ಅಗಲವಾದ ಡಾಮರು ರಸ್ತೆ. ಅಲ್ಲಿಂದ ಬಾಯಾರು, ಧರ್ಮತ್ತಡ್ಕ ಕಡೆಯ ಒಳದಾರಿಗಳಿಗೆ ಹೊರಳಿದರೆ ಪೊಸಡಿಗುಂಪೆಯ ಬುಡ ಸಿಗುತ್ತದೆ. ಕೊನೆಯ ಏರಿಗೆ ಸೈಕಲ್ ದೂಡಿದರೆ ನಾಚಿಕೆಯೇನಿಲ್ಲ. ಮೇಲಿನಿಂದ ಪಡುಗಡಲು ಕಾಣುತ್ತದೆ. ಬಾಯಾರಿನ ಸುತ್ತಮುತ್ತ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ನೀರು ಬೇಕಿದ್ದರೆ ಮನೆಯವರನ್ನು ಕೇಳಿ, ಅಂಗಳಕ್ಕೆ ಕರೆದು ಬೆಲ್ಲವನ್ನೂ ಕೊಟ್ಟಾರು. ಕೇಳದೆ ಸುರಂಗಕ್ಕೆ ಇಣುಕುವುದು, ಅದರ ನೀರಿನಲ್ಲಿ ಕೈಕಾಲು ತೊಳೆಯುವುದು ಬೇಡ. ಅದು ಕುಡಿಯುವ ನೀರು.

ಪೆರ್ಲದಿಂದ ಎಣ್ಮಕಜೆಯ ಪಡ್ರೆ, ಸ್ವರ್ಗದ ಕಡೆಗಿನ ಗೇರು ಗುಡ್ಡೆಗಳ ನೋಟ ಬಹಳ ಚಂದ. ಇವೇ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಹಾಸಿಗೆ ಹಿಡಿದವರ ಮನೆಗಳು ಇಂದಿಗೂ ಇದೇ ದಾರಿಗಳ ಪಕ್ಕದಲ್ಲಿವೆ. ಕ್ಯಾಮರಾ ಹಿಡಿದು ಬರುವವರಿಂದ ಆ ಮನೆಯವರು ಬೇಸತ್ತಿದ್ದಾರೆ ಎಂಬುದು ನೆನಪಿರಲಿ. ತೋಟದೊಳಗಿನ ರಸ್ತೆಗಳು ತೋಟಗಾರಿಕಾ ನಿಗಮದವು, ಒಪ್ಪಿಗೆಯಿಲ್ಲದೆ ಗೇಟು ದಾಟುವ ಹಾಗಿಲ್ಲ.

ಮುಳ್ಳೇರಿಯದಿಂದ ಮುಂದೆ ಮಾತು ಬೇರೆ. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆ ಕಾಡಾನೆಗಳ ಸಂಚಾರವಿದೆ. ಮುಂಜಾನೆ ಮತ್ತು ಮುಸ್ಸಂಜೆ, ಸವಾರರಿಗೆ ಇಷ್ಟವಾದ ತಂಪು ಹೊತ್ತೇ, ಆನೆಗೂ ದಾರಿ ಹಿಡಿಯುವ ಹೊತ್ತು. ಸದ್ದಿಲ್ಲದೆ ಬರುವ ಸೈಕಲ್ ಬೈಕಿಗಿಂತ ಅಪಾಯ. ತಿರುವಿನಾಚೆ ಏನಿದೆಯೆಂದು ಸವಾರನಿಗೂ ಗೊತ್ತಿಲ್ಲ, ಆನೆಗೂ ಗೊತ್ತಿಲ್ಲ. ರಕ್ಷಿತಾರಣ್ಯದೊಳಗೆ ಅನುಮತಿಯಿಲ್ಲದೆ ಹೊಕ್ಕರೆ 1961ರ ಕೇರಳ ಅರಣ್ಯ ಕಾಯ್ದೆಯಡಿ ಅಪರಾಧ. ಹೀಗಾಗಿ ಈ ಭಾಗದಲ್ಲಿ ಬಸ್ಸು ಓಡುವ ರಸ್ತೆಯಲ್ಲೇ, ಹಗಲಲ್ಲೇ ಸಾಗುವುದು ಒಳಿತು.

ಕಾಲದ ಲೆಕ್ಕವೂ ಬೇಕು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ ಮೇಲೆ ಪಾಚಿ ಹಿಡಿದು ಜಾರುತ್ತದೆ. ಓಣಂ ಹೊತ್ತಿಗೆ ಪದವಿನಲ್ಲಿ ನೀಲಿ ಹೂ ಹಾಸುವುದು ನಿಜ, ಅದನ್ನು ನಡೆದೇ ನೋಡಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆ ನಿಂತ ಮೇಲೆ ತೋಡುಗಳಿಗೆ ಕೃಷಿಕರು ಕಟ್ಟ ಹಾಕುತ್ತಾರೆ. ಕಟ್ಟದ ಮೇಲೆ ಸೈಕಲ್ ದಾಟಿಸಿದರೆ ಮಣ್ಣು ಸಡಿಲವಾಗಿ ನೀರು ಸೋರುತ್ತದೆ, ಆ ನೀರು ಬೇಸಗೆಯಲ್ಲಿ ಅಡಿಕೆ ತೋಟಕ್ಕೆ ಬೇಕಾದದ್ದು. ಸಂಕವಿದ್ದರೆ ಸಂಕದಲ್ಲಿ, ಇಲ್ಲದಿದ್ದರೆ ಸುತ್ತು ಹಾಕಿ. ಇನ್ನೊಂದು ಅಪಾಯ ಕೈಬಿಟ್ಟ ಕೆಂಪುಕಲ್ಲಿನ ಕೋರೆ. ಬೇಲಿಯಿಲ್ಲ, ಒಳಗೆ ಆಳದ ನೀರು. ಕತ್ತಲಾದ ಮೇಲೆ ಪದವಿನ ಮೇಲೆ ಅಡ್ಡದಾರಿ ಹುಡುಕಬೇಡಿ.

ಮಣ್ಣು ರಸ್ತೆಗಳು ಡಾಮರಾಗುತ್ತಿವೆ, ಕಾಂಕ್ರೀಟಾಗುತ್ತಿವೆ ಎಂದು ಪೇಟೆಯ ಸವಾರರು ಬೇಸರಿಸುವುದುಂಟು. ಅದಕ್ಕೆ ಊರವರು ತಲೆ ಕೆಡಿಸಿಕೊಳ್ಳಬೇಕಿಲ್ಲ. 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಸಮಯ, ಕರ್ನಾಟಕವು ಗಡಿ ರಸ್ತೆಗಳಿಗೆ ಮಣ್ಣು ಸುರಿಸಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಇಲ್ಲಿನ ರೋಗಿಗಳಲ್ಲಿ ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವಿಗೆ ಆದೇಶಿಸಬೇಕಾಯಿತು. ಆ ದಿನಗಳನ್ನು ಕಂಡವರಿಗೆ ರಸ್ತೆಯೆಂದರೆ ಆಂಬುಲೆನ್ಸ್ ಬರುವ ದಾರಿ, ಸವಾರನಿಗೆ ಮಣ್ಣು ಸಿಗದಿದ್ದರೆ ಅವನು ಇನ್ನೊಂದು ಗುಡ್ಡೆ ಹುಡುಕಿಕೊಂಡಾನು.

ಬಿದ್ದು ಪೆಟ್ಟಾದರೆ ಎರಡೂ ರಾಜ್ಯಗಳಲ್ಲಿ ನಂಬರ್ 108. ಆದರೆ ಅಡ್ಕಸ್ಥಳ, ಸಾರಡ್ಕದಂಥ ಗಡಿ ಜಾಗಗಳಲ್ಲಿ ಯಾವ ರಾಜ್ಯದ ಟವರ್ ಸಿಕ್ಕಿತೋ ಆ ಕಡೆಗೆ ಕರೆ ಹೋಗಬಹುದು. ಆದುದರಿಂದ ಮೊದಲು ರಾಜ್ಯ, ಆ ಮೇಲೆ ಪಂಚಾಯತು, ಅನಂತರ ಹತ್ತಿರದ ಶಾಲೆ ಅಥವಾ ಬಸ್ ಸ್ಟಾಪಿನ ಹೆಸರು ಹೇಳಿ. ಬೋರ್ಡು ಮಲಯಾಳದಲ್ಲಿ ಮಾತ್ರ ಇದ್ದು ಓದಲಾಗದಿದ್ದರೆ ಗೂಡಂಗಡಿಯಲ್ಲಿ ಕನ್ನಡ ಅಥವಾ ತುಳುವಿನಲ್ಲಿ ಕೇಳಿ, ದಾರಿ ಹೇಳುತ್ತಾರೆ.