ಪರಮಾದೇಶ ರಿಟ್ ಅರ್ಜಿ: ಅರ್ಜಿದಾರರ ಗಮನಕ್ಕೆ

ಕಾನೂನು ವಿಧಿಸಿರುವ ಕರ್ತವ್ಯವನ್ನು ಸರ್ಕಾರಿ ಪ್ರಾಧಿಕಾರವು ನಿರ್ವಹಿಸದಿದ್ದಲ್ಲಿ, ಅದನ್ನು ನಿರ್ವಹಿಸುವಂತೆ ಆದೇಶಿಸಲು ಸಂವಿಧಾನದ 226ನೇ ಅನುಚ್ಛೇದದನ್ವಯ ಉಚ್ಚ ನ್ಯಾಯಾಲಯವನ್ನು ಕೋರಬಹುದಾಗಿದೆ. ಇದಕ್ಕೆ ಪರಮಾದೇಶ ಅಥವಾ ಮ್ಯಾಂಡಮಸ್ ರಿಟ್ ಎಂದು ಹೆಸರು. ಕರ್ನಾಟಕದಲ್ಲಿ ಅರ್ಜಿಯನ್ನು ಬೆಂಗಳೂರಿನ ಪ್ರಧಾನ ಪೀಠದಲ್ಲಿ ಅಥವಾ ವ್ಯಾಪ್ತಿಗನುಸಾರ ಧಾರವಾಡ, ಕಲಬುರಗಿ ಪೀಠಗಳಲ್ಲಿ ಸಲ್ಲಿಸತಕ್ಕದ್ದು.

ಅರ್ಜಿದಾರರಿಗೆ ಕಾನೂನುಬದ್ಧ ಹಕ್ಕು ಇರಬೇಕು. ಪ್ರಾಧಿಕಾರಕ್ಕೆ ಅದನ್ನು ಈಡೇರಿಸುವ ಕರ್ತವ್ಯ ಇರಬೇಕು. ಮೊದಲು ಸಂಬಂಧಪಟ್ಟ ಅಧಿಕಾರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆದಿರುವುದು ಅತ್ಯಗತ್ಯ. ಕಚೇರಿಗೆ ಹತ್ತು ಬಾರಿ ಅಲೆದಿರುವುದು ದಾಖಲೆಯಾಗುವುದಿಲ್ಲ. ಮೊಹರು ಮತ್ತು ದಿನಾಂಕವುಳ್ಳ ಒಂದು ಪ್ರತಿ ದಾಖಲೆಯಾಗುತ್ತದೆ. ಮನವಿಯು ತಿರಸ್ಕೃತವಾಗಿರಬೇಕು ಅಥವಾ ಸಮಂಜಸ ಅವಧಿಯ ನಂತರವೂ ಉತ್ತರ ಬಾರದೆ ಇರಬೇಕು.

ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯದಲ್ಲಿ ನ್ಯಾಯಾಲಯವು ಸಾಮಾನ್ಯವಾಗಿ ಮನವಿಯನ್ನು ಪರಿಗಣಿಸಿ ತೀರ್ಮಾನಿಸುವಂತೆ ಮಾತ್ರ ನಿರ್ದೇಶಿಸುತ್ತದೆ. ಪರವಾನಗಿಯನ್ನೇ ನೀಡುವಂತೆ ಅಲ್ಲ.

ಬೇರೆ ಪರಿಣಾಮಕಾರಿ ಪರಿಹಾರ ಮಾರ್ಗವಿದ್ದಲ್ಲಿ ರಿಟ್ ಅರ್ಜಿ ತಿರಸ್ಕೃತವಾಗಬಹುದು. ಉದಾಹರಣೆಗೆ, ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆ ವಿಳಂಬವಾದಲ್ಲಿ ಮೊದಲು ಸಕ್ಷಮ ಅಧಿಕಾರಿಗೆ, ನಂತರ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗಾಗಿ ಉಚ್ಚ ನ್ಯಾಯಾಲಯ ಕಾನೂನು ಸೇವಾ ಸಮಿತಿಗೆ ಅರ್ಜಿ ಸಲ್ಲಿಸಬಹುದು.