ಮಾಸು: ಮಗು ತಾನೇ ಕಟ್ಟಿಕೊಳ್ಳುವ ಮೊದಲ ಅಂಗ ಮತ್ತು ಅದರ ಆಕರ ಕೋಶಗಳು

ಹೆರಿಗೆಯಾದೊಡನೆ ಮಗುವಿನ ಹಿಂದೆಯೇ ಹೊರಬರುವ ಮಾಸನ್ನು ಹಿಂದೆ ಹಳ್ಳಿಗಳಲ್ಲಿ ಮಣ್ಣಿನಲ್ಲಿ ಹೂಳುತ್ತಿದ್ದರು. ಇಂದು ಆಸ್ಪತ್ರೆಗಳು ಅದನ್ನು ತ್ಯಾಜ್ಯದೊಡನೆ ವಿಲೇವಾರಿ ಮಾಡುತ್ತವೆ. ಕೆಲವೆಡೆ ಅದಕ್ಕೆ ‘ಕಸ’ ಎಂಬ ಹೆಸರೇ ಉಂಟು. ವಿಜ್ಞಾನದ ಕನ್ನಡದಲ್ಲಿ ಅದು ಜರಾಯು. ಪ್ರೌಢಶಾಲೆಯ ಜೀವಶಾಸ್ತ್ರ ಪಾಠದಲ್ಲಿ ಅದಕ್ಕೆ ದೊರೆಯುವುದು ಕೆಲವೇ ಸಾಲು. ಅಧ್ಯಾಪಕರಾದ ನಾವೂ ಅಷ್ಟನ್ನೇ ಹೇಳಿ ಮುಂದೆ ಸಾಗುತ್ತೇವೆ. ಆದರೆ ಬಸಿರು ನಿಲ್ಲುವುದೂ ಕೆಡುವುದೂ ಬಹುಪಾಲು ಈ ಅಂಗವನ್ನೇ ಅವಲಂಬಿಸಿದೆ. ಅದು ಹೇಗೆ ಬೆಳೆಯುತ್ತದೆ, ಅದರ ಆಕರ ಕೋಶಗಳು ಹೇಗೆ ದೊರೆತವು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಜರಾಯು ಯಾರದು?

ಮಾಸು ತಾಯಿಯ ದೇಹದ ಭಾಗವೆಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವವಾಗಿ ಅದರ ಬಹುಪಾಲನ್ನು ಕಟ್ಟುವುದು ಭ್ರೂಣವೇ. ಗರ್ಭಧಾರಣೆಯಾದ ಸುಮಾರು ಐದನೆಯ ದಿನ ಭ್ರೂಣವು ನೀರು ತುಂಬಿದ ಸಣ್ಣ ಗುಳ್ಳೆಯಂತಿರುತ್ತದೆ. ಇದಕ್ಕೆ ಬ್ಲಾಸ್ಟೊಸಿಸ್ಟ್ ಎಂದು ಹೆಸರು. ಅದರ ಒಳಗಿನ ಕೋಶಗಳ ಗುಂಪು ಮುಂದೆ ಮಗುವಾಗುತ್ತದೆ. ಹೊರಗಿನ ಪದರದಿಂದ ಜರಾಯುವಿನ ಕೋಶಗಳು, ಅಂದರೆ ಟ್ರೋಫೋಬ್ಲಾಸ್ಟ್ ಕೋಶಗಳು ಹುಟ್ಟುತ್ತವೆ. ಹೃದಯ, ಮಿದುಳುಗಳ ಸುಳಿವೂ ಇಲ್ಲದ ಹೊತ್ತಿನಲ್ಲಿ ಭ್ರೂಣವು ಮೊದಲು ಮಾಡಿಕೊಳ್ಳುವ ಏರ್ಪಾಡು ಇದು.

ಮಗುವಿನಂತೆಯೇ ಮಾಸಿನಲ್ಲೂ ತಂದೆಯ ಮತ್ತು ತಾಯಿಯ ವಂಶವಾಹಿಗಳು ಎರಡೂ ಇರುತ್ತವೆ. 1984ರಲ್ಲಿ ಅಜೀಂ ಸುರಾನಿ ಅವರ ತಂಡವೂ ಮೆಗ್ರಾತ್ ಮತ್ತು ಸೋಲ್ಟರ್ ಅವರೂ ಇಲಿಯ ಭ್ರೂಣಗಳ ಮೇಲೆ ಪ್ರತ್ಯೇಕವಾಗಿ ನಡೆಸಿದ ಪ್ರಯೋಗಗಳು ಇದರ ಮಹತ್ವವನ್ನು ತೋರಿಸಿದವು. ತಾಯಿಯ ವಂಶವಾಹಿಗಳಷ್ಟೇ ಇದ್ದಾಗ ಜರಾಯು ಸೊರಗಿತು. ತಂದೆಯವಷ್ಟೇ ಇದ್ದಾಗ ಜರಾಯುವಿನ ಕೋಶಗಳು ಬೆಳೆದು ಭ್ರೂಣ ಸೊರಗಿತು. ಮನುಷ್ಯರಲ್ಲಿಯೂ ದ್ರಾಕ್ಷಿ ಗೊಂಚಲಿನಂತೆ ಜರಾಯು ಮಾತ್ರ ಊದಿಕೊಂಡು, ಮಗುವೇ ಇಲ್ಲದ ಬಸಿರಿನಲ್ಲಿ ಸಾಮಾನ್ಯವಾಗಿ ಕೋಶಕೇಂದ್ರದ ವಂಶವಾಹಿಗಳೆಲ್ಲ ತಂದೆಯಿಂದಲೇ ಬಂದಿರುತ್ತವೆ. ಬಸಿರು ಕೆಟ್ಟಾಗ ಸೊಸೆಯನ್ನೊಬ್ಬಳನ್ನೇ ದೂರುವ ಮನೆಗಳು ಈ ಸಂಗತಿಯನ್ನು ಅರಿಯಬೇಕೆಂಬುದು ನಮ್ಮ ಅಪೇಕ್ಷೆ.

ಬೆಳವಣಿಗೆಯ ಹಂತಗಳು

ಆರೇಳನೆಯ ದಿನ ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡು ಒಳಗಿಳಿಯುತ್ತದೆ. ಆಗ ಟ್ರೋಫೋಬ್ಲಾಸ್ಟ್ ಕೋಶಗಳು ಮೂರು ಬಗೆಯಾಗಿ ಕೆಲಸ ಹಂಚಿಕೊಳ್ಳುತ್ತವೆ.

ಮೊದಲನೆಯ ಬಗೆ ಸೈಟೊಟ್ರೋಫೋಬ್ಲಾಸ್ಟ್. ಇವು ವಿಭಜನೆಗೊಳ್ಳುತ್ತ ಉಳಿದ ಎರಡು ಬಗೆಯ ಕೋಶಗಳನ್ನು ಒದಗಿಸುತ್ತವೆ.

ಎರಡನೆಯದು, ಕೋಶಗಳು ಒಂದರೊಳಗೊಂದು ಬೆಸೆದುಕೊಂಡು, ನಡುವಣ ಗೋಡೆಗಳಿಲ್ಲದೆ ಉಂಟಾಗುವ ಹೊರಪದರ, ಸಿನ್ಸಿಶಿಯೊಟ್ರೋಫೋಬ್ಲಾಸ್ಟ್. ತಾಯಿಯ ರಕ್ತವನ್ನು ನೇರವಾಗಿ ಮುಟ್ಟುವುದು ಇದೇ. ಆಮ್ಲಜನಕ ಮತ್ತು ಆಹಾರ ಮಗುವಿನತ್ತ, ಇಂಗಾಲದ ಡೈಆಕ್ಸೈಡ್ ಮತ್ತು ಯೂರಿಯಾ ತಾಯಿಯತ್ತ ಸಾಗುವುದು ಈ ಪದರದ ಮೂಲಕವೇ. ಎರಡೂ ರಕ್ತಗಳು ಬೆರೆಯುವುದಿಲ್ಲ; ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುತ್ತದೆಂಬ ಮಾತು ತಪ್ಪು. ಬಸಿರು ನಿಂತಿದೆಯೇ ಎಂದು ಮನೆಯಲ್ಲೇ ನೋಡುವ ಪಟ್ಟಿಯು ಗುರುತಿಸುವ ಎಚ್‌ಸಿಜಿ ಹಾರ್ಮೋನನ್ನು ಸ್ರವಿಸುವುದೂ ಇದೇ ಪದರ. ಕೋಶಗಳನ್ನು ಬೆಸೆಯುವ ಸಿನ್ಸಿಟಿನ್ ಎಂಬ ಪ್ರೋಟೀನಿನ ವಂಶವಾಹಿಯ ಮೂಲವಂತೂ ಅಚ್ಚರಿಯದು. ನಮ್ಮ ವಾನರ ಪೂರ್ವಜರ ವಂಶವಾಹಿಗಳೊಳಗೆ ಕೋಟ್ಯಂತರ ವರ್ಷಗಳ ಹಿಂದೆ ಸೇರಿಕೊಂಡ ವೈರಸ್ಸೊಂದರಿಂದ ಅದು ಬಂದುದೆಂದು 2000ದಲ್ಲಿ ತಿಳಿಯಿತು.

ಮೂರನೆಯ ಬಗೆಯ ಕೋಶಗಳು ಜರಾಯುವಿನಿಂದ ಹೊರಟು ಗರ್ಭಕೋಶದ ಗೋಡೆಯೊಳಕ್ಕೆ ಸಾಗುತ್ತವೆ. ಅಲ್ಲಿರುವ ಸುರುಳಿ ಅಪಧಮನಿಗಳ ಬಿಗಿಯಾದ ಸ್ನಾಯುಪದರವನ್ನು ಕರಗಿಸಿ, ಆ ನಾಳಗಳನ್ನು ಅಗಲವೂ ಸಡಿಲವೂ ಆದ ಕಾಲುವೆಗಳನ್ನಾಗಿ ಮಾಡುತ್ತವೆ. ಮೊದಲ ಹತ್ತು ಹನ್ನೆರಡು ವಾರ ಇದೇ ಕೋಶಗಳು ನಾಳಗಳ ಬಾಯಿಗೆ ಬೆಣೆಯಂತೆ ನಿಂತು ರಕ್ತದ ರಭಸವನ್ನು ತಡೆಯುತ್ತವೆ. ಅಲ್ಲಿಯವರೆಗೆ ಭ್ರೂಣಕ್ಕೆ ಗರ್ಭಕೋಶದ ಗ್ರಂಥಿಗಳ ಸ್ರಾವವೇ ಮುಖ್ಯ ಆಹಾರ. ಆಮೇಲೆ ಬೆಣೆಗಳು ಸಡಿಲಗೊಂಡು ರಕ್ತ ಹರಿಯತೊಡಗುತ್ತದೆ.

ದಿನ ತುಂಬುವ ವೇಳೆಗೆ ಮಾಸು ಸುಮಾರು 500 ಗ್ರಾಂ ತೂಗುತ್ತದೆ. ಅಗಲ 20ರಿಂದ 22 ಸೆಂಟಿಮೀಟರ್. ಆದರೆ ಅದರೊಳಗಿನ ಬೆರಳಿನಂಥ ಕವಲುಗಳನ್ನೆಲ್ಲ ಬಿಡಿಸಿ ಹರಡಿದರೆ 10 ಚದರ ಮೀಟರಿಗೂ ಹೆಚ್ಚಿನ ಜಾಗ ಬೇಕಾದೀತು.

ಆಕರ ಕೋಶಗಳ ಶೋಧ

ಇಟಲಿಯ ಅಂಗರಚನಾ ಶಾಸ್ತ್ರಜ್ಞ ರಿಯಾಲ್ಡೊ ಕೊಲಂಬೊ 1559ರಲ್ಲಿ ಈ ಅಂಗವನ್ನು ‘ಪ್ಲಾಸೆಂಟಾ’ ಎಂದು ಕರೆದರು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ಚಪ್ಪಟೆಯಾದ ತಿನಿಸು. ನೆದರ್‌ಲ್ಯಾಂಡ್ಸಿನ ಹ್ಯೂಬ್ರೆಕ್ಟ್ 1889ರಲ್ಲಿ ‘ಟ್ರೋಫೋಬ್ಲಾಸ್ಟ್’ ಪದವನ್ನು ಬಳಕೆಗೆ ತಂದರು. ಪೋಷಿಸುವುದು ಎಂಬರ್ಥದ ಗ್ರೀಕ್ ಪದ ಅದರ ಮೂಲ.

ಹೆಸರು ಹಳೆಯದಾದರೂ ಅಧ್ಯಯನ ಬಹುಕಾಲ ಕುಂಟಿತು. ಕಾರಣ ಸರಳವಾದುದು. ಮುಖ್ಯವಾದುದೆಲ್ಲ ನಡೆಯುವುದು ಮೊದಲ ಮೂರು ತಿಂಗಳಲ್ಲಿ. ಆಗ ಗರ್ಭದೊಳಗನ್ನು ಕಲಕುವಂತಿಲ್ಲ. ಕೈಗೆ ಸಿಗುವುದು ಹೆರಿಗೆಯ ನಂತರದ ಮಾಸು. ಅಷ್ಟರಲ್ಲಿ ಅದರ ಕೆಲಸವೆಲ್ಲ ಮುಗಿದಿರುತ್ತದೆ. ಆದುದರಿಂದ ಜರಾಯುವಿನ ಆಕರ ಕೋಶಗಳನ್ನು, ಅಂದರೆ ತಮ್ಮಂಥವನ್ನೇ ಹೆಚ್ಚಿಸುತ್ತ, ಬೇಕಾದಾಗ ಬೇರೆ ಬಗೆಯ ಕೋಶಗಳಾಗಿಯೂ ಮಾರ್ಪಡಬಲ್ಲ ಕೋಶಗಳನ್ನು, ಗಾಜಿನ ತಟ್ಟೆಯಲ್ಲಿ ಬೆಳೆಸುವುದೊಂದೇ ದಾರಿಯಾಗಿತ್ತು.

1998ರಲ್ಲಿ ಸತೋಶಿ ತನಾಕಾ, ಜಾನೆಟ್ ರೊಸಾಂಟ್ ಮತ್ತು ಸಂಗಡಿಗರು ಇಲಿಯ ಭ್ರೂಣದಿಂದ ಇಂಥ ಕೋಶಗಳನ್ನು ಬೆಳೆಸಿದರು. ಭ್ರೂಣದ ಒಳಗುಂಪು ಸ್ರವಿಸುವ ಎಫ್‌ಜಿಎಫ್4 ಎಂಬ ಪ್ರೋಟೀನು ಅದರ ಕೀಲಿಕೈಯಾಗಿತ್ತು. ಆ ಕೋಶಗಳನ್ನು ಮತ್ತೊಂದು ಭ್ರೂಣಕ್ಕೆ ಸೇರಿಸಿದಾಗ ಅವು ಜರಾಯುವಿನ ಕಡೆಯ ಕೋಶಗಳಾಗಿ ಮಾತ್ರ ಬೆಳೆದವು. ಮಗುವಿನ ಮೈಯನ್ನು ಸೇರಲಿಲ್ಲ. ಅದೇ ವಿಧಾನವು ಮನುಷ್ಯರ ಕೋಶಗಳಿಗೆ ಒಗ್ಗಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ, 2018ರಲ್ಲಿ, ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಹಿರೊಆಕಿ ಓಕೆ, ತಕಾಹಿರೊ ಅರಿಮಾ ಅವರ ತಂಡವು ಬೇರೆಯೇ ರಾಸಾಯನಿಕ ಸಂಕೇತಗಳನ್ನು ಕಂಡುಹಿಡಿದು ಮಾನವ ಟ್ರೋಫೋಬ್ಲಾಸ್ಟ್ ಆಕರ ಕೋಶಗಳನ್ನು ಬೆಳೆಸಿತು. ಅದೇ ವರ್ಷ ಕೇಂಬ್ರಿಜ್‌ನ ಮಾರ್ಗರಿಟಾ ಟರ್ಕೊ, ಆಶ್ಲಿ ಮಾಫೆಟ್ ಅವರ ತಂಡ ಮೂರು ಆಯಾಮದ ಪುಟ್ಟ ಜರಾಯು ಮಾದರಿಗಳನ್ನು ರೂಪಿಸಿತು. ಅವು ಬೆಳೆದ ದ್ರವದಲ್ಲಿ ಬಸಿರು ಪರೀಕ್ಷೆಯ ಪಟ್ಟಿಯನ್ನು ಅದ್ದಿದರೆ ‘ಬಸಿರು ಇದೆ’ ಎಂಬ ಗೆರೆಯೇ ಮೂಡಿತು.

2018ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನವು ಭ್ರೂಣ ಬದುಕುಳಿಯದ 103 ಇಲಿ ತಳಿಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸಿನಷ್ಟು ತಳಿಗಳಲ್ಲಿ ಜರಾಯುವೂ ದೋಷಪೂರ್ಣವಾಗಿತ್ತು. ಹೃದಯ, ಮಿದುಳುಗಳ ದೋಷಕ್ಕೆ ಮಗುವನ್ನೇ ನೋಡುತ್ತಿದ್ದ ವಿಜ್ಞಾನಿಗಳು ಮಾಸನ್ನೂ ನೋಡಬೇಕೆಂಬ ಪಾಠ ಇದರಿಂದ ದೊರೆಯಿತು. ಆದರೂ ಈ ಮಾದರಿಗಳಿಗೆ ಮಿತಿಯುಂಟು. ತಟ್ಟೆಯಲ್ಲಿ ತಾಯಿಯ ರಕ್ತನಾಳವಾಗಲಿ ರಕ್ಷಣಾ ಕೋಶಗಳಾಗಲಿ ತಾವಾಗಿ ಇರುವುದಿಲ್ಲ. ಇಲ್ಲಿಂದ ಮದ್ದಿನವರೆಗಿನ ದಾರಿ ಇನ್ನೂ ಉದ್ದವಿದೆ.

ಬೆಳವಣಿಗೆ ತಪ್ಪಿದಾಗ

ಸುರುಳಿ ಅಪಧಮನಿಗಳು ಸರಿಯಾಗಿ ಅಗಲವಾಗದಿದ್ದರೆ ಜರಾಯುವಿಗೆ ರಕ್ತ ಸಮನಾಗಿ ಹರಿಯದು. ಆಗ ಅದು ಬಿಡುಗಡೆ ಮಾಡುವ ಕೆಲವು ಪ್ರೋಟೀನುಗಳು ತಾಯಿಯ ರಕ್ತನಾಳಗಳನ್ನೇ ಕೆಡಿಸುತ್ತವೆ. ಅಂಥ ಒಂದು ಪ್ರೋಟೀನಿನ ಪಾತ್ರವನ್ನು 2003ರಲ್ಲಿ ತೋರಿಸಿದವರು ಭಾರತ ಮೂಲದ ವೈದ್ಯ ಅನಂತ ಕರುಮಂಚಿ ಮತ್ತು ಅವರ ಸಂಗಡಿಗರು. ಹೀಗುಂಟಾಗುವ ಕಾಯಿಲೆಯೇ ಪ್ರೀ-ಎಕ್ಲಾಂಪ್ಸಿಯಾ. ಇಪ್ಪತ್ತು ವಾರಗಳ ಬಳಿಕ ರಕ್ತದೊತ್ತಡ 140/90ಕ್ಕೆ ಅಥವಾ ಅದಕ್ಕೂ ಮೇಲೆ ಏರುವುದು, ಮೂತ್ರದಲ್ಲಿ ಪ್ರೋಟೀನು ಕಾಣುವುದು ಇದರ ಮುಖ್ಯ ಗುರುತುಗಳು. ನೂರು ಬಸಿರುಗಳಲ್ಲಿ ಎರಡರಿಂದ ಎಂಟರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಉಲ್ಬಣಿಸಿದರೆ ಸೆಳವು ಬಂದು ತಾಯಿಯ ಜೀವಕ್ಕೇ ಕುತ್ತು. ಮೂಲ ಪರಿಹಾರವೆಂದರೆ ಹೆರಿಗೆ, ಅಂದರೆ ಮಾಸು ಹೊರಬರುವುದು. ಆದರೂ ಬಾಣಂತನದ ಮೊದಲ ದಿನಗಳಲ್ಲಿಯೂ ಅಪಾಯ ಇದ್ದೇ ಇರುತ್ತದೆ. ಸೆಳವನ್ನು ತಡೆಯುವಲ್ಲಿ ಮ್ಯಾಗ್ನೀಸಿಯಂ ಸಲ್ಫೇಟ್ ಪರಿಣಾಮಕಾರಿ ಎಂಬುದು 2002ರಲ್ಲಿ ದೊಡ್ಡ ಪ್ರಮಾಣದ ಪ್ರಯೋಗದಿಂದ ದೃಢಪಟ್ಟಿತು.

ತಡೆಗಟ್ಟುವ ದಾರಿಯೂ ಮೊದಲ ವಾರಗಳಲ್ಲೇ ಇದೆ. ಅಪಾಯ ಹೆಚ್ಚಿರುವ ಗರ್ಭಿಣಿಯರಿಗೆ 11ರಿಂದ 14ನೆಯ ವಾರದೊಳಗೆ ಆರಂಭಿಸಿ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ, ಅವಧಿಗೆ ಮುನ್ನವೇ ಹೆರಿಗೆ ಮಾಡಿಸಬೇಕಾಗುವಂಥ ಪ್ರೀ-ಎಕ್ಲಾಂಪ್ಸಿಯಾ ಶೇಕಡಾ 4.3ರಿಂದ 1.6ಕ್ಕೆ ಇಳಿದುದನ್ನು 2017ರ ಪ್ರಯೋಗವು ತೋರಿಸಿತು. ಇದನ್ನು ವೈದ್ಯರ ಸಲಹೆಯಿಲ್ಲದೆ ಯಾರೂ ಸೇವಿಸಕೂಡದು. ಹನ್ನೆರಡು ವಾರ ತುಂಬುವ ಮೊದಲೇ ಹೆಸರು ನೋಂದಾಯಿಸಿದವರಿಗಷ್ಟೇ ಇಂಥ ನೆರವು ಹೊತ್ತಿಗೆ ಸರಿಯಾಗಿ ಸಿಗುವುದು.

ಮಗುವಿನ ಮೇಲಾಗುವ ಪರಿಣಾಮ ಹುಟ್ಟಿನೊಂದಿಗೆ ಮುಗಿಯುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದ ಶಿಶುಗಳ ತೂಕವನ್ನು ಬರೆದಿಟ್ಟಿತ್ತು. ಆ ದಾಖಲೆಗಳ ಆಧಾರದಲ್ಲಿ ಹಾಗೆ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂದಿತು. ಗರ್ಭದಲ್ಲಿ ದೊರೆತ ಪೋಷಣೆಗೂ ಮುಪ್ಪಿನ ಆರೋಗ್ಯಕ್ಕೂ ನಂಟಿದೆ. ಆ ಪೋಷಣೆ ಸಾಗಿಬರುವುದು ಜರಾಯುವಿನ ಮೂಲಕವೇ.

ನಾವು ಮಾಡಬಹುದಾದುದು

ಸಹಿಸಲಾಗದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದ ನೋವು, ಮುಖ ಮತ್ತು ಕೈಗಳು ಹಠಾತ್ತನೆ ಊದಿಕೊಳ್ಳುವುದು, ಮಗುವಿನ ಒದೆತ ಕಡಿಮೆಯಾಗುವುದು – ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಯಾವ ರಾಜ್ಯದಲ್ಲಿದ್ದರೂ ಇದನ್ನು ಪಡೆಯಬಹುದು.

ಗಡಿನಾಡಿನ ನಮ್ಮ ಹೆಣ್ಣುಮಕ್ಕಳಲ್ಲಿ ಹಲವರಿಗೆ ಈ ಲಕ್ಷಣಗಳನ್ನು ತಮ್ಮದಲ್ಲದ ಭಾಷೆಯಲ್ಲಿ ದಾದಿಗೆ ಹೇಳಬೇಕಾದ ಪ್ರಸಂಗ ಬರುತ್ತದೆ. ‘ಕಣ್ಣು ಮಂಜಾಗುತ್ತಿದೆ’ ಎಂಬ ಮಾತು ತಿಳಿಯದೆ ಹೋದರೆ ಕಳೆಯುವುದು ಅಮೂಲ್ಯವಾದ ಹೊತ್ತು. ಆದುದರಿಂದ ಮೇಲಿನ ಐದು ಲಕ್ಷಣಗಳನ್ನು ಕನ್ನಡದಲ್ಲೂ ಆಯಾ ರಾಜ್ಯಭಾಷೆಯಲ್ಲೂ ಒಂದು ಹಾಳೆಯಲ್ಲಿ ಬರೆದು ತಪಾಸಣೆಯ ಕಾರ್ಡಿನೊಳಗೆ ಇಟ್ಟುಕೊಳ್ಳುವಂತೆ ಪ್ರತಿ ಮನೆಗೂ ತಿಳಿಸಬೇಕು. ನಮ್ಮ ಪ್ರೌಢಶಾಲೆಯ ಮಕ್ಕಳೇ ಈ ಹಾಳೆಯನ್ನು ಬರೆದು ಹಂಚಬಲ್ಲರು. ಜರಾಯುವಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಟುವಟಿಕೆ ಬೇರೆ ಇಲ್ಲ.